ಆಟಿಸಂ: ಮನೆಯೊಳಗೆ ಮೊದಲು ಆಡಬೇಕಾದ ಮಾತು

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಕುರಿತು ಸಂಕೋಚವಿಲ್ಲದೆ ಮಾತನಾಡುವ ನಾವು, ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ತಿಳಿಸಿದೊಡನೆ ಮೌನ ತಾಳುತ್ತೇವೆ. ಊರಿನ ಹಿರಿಯರು ವಿಚಾರಿಸಿದರೆ 'ಮಾತು ಸ್ವಲ್ಪ ತಡ, ಅಷ್ಟೆ' ಎನ್ನುತ್ತೇವೆ. ಮದುವೆ ಮುಂಜಿಗಳಿಗೆ ಹೋಗುವುದನ್ನೇ ನಿಲ್ಲಿಸುತ್ತೇವೆ. ಈ ಮೌನದಿಂದಾಗುವ ನಷ್ಟವನ್ನು ವಾಚಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಆಟಿಸಂ ಅಥವಾ ಸ್ವಲೀನತೆ ಎಂಬುದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬಾಲ್ಯದಲ್ಲಿಯೇ ತೋರಿಬರುವ ಸ್ಥಿತಿ. ಹೆಸರು ಹಿಡಿದು ಕರೆದರೂ ತಿರುಗಿ ನೋಡದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, ಕೇಳಿದ ಮಾತನ್ನೇ ಮರುನುಡಿಯುವುದು, ದಿನಚರಿ ತುಸು ಬದಲಾದರೂ ತಳಮಳಗೊಳ್ಳುವುದು, ಕುಕ್ಕರಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು ಇದರ ಕೆಲವು ಲಕ್ಷಣಗಳು. ಎಲ್ಲ ಮಕ್ಕಳಲ್ಲಿಯೂ ಇವೆಲ್ಲವೂ ಇರಬೇಕೆಂದಿಲ್ಲ.

ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943 ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿ ವೈದ್ಯಲೋಕದಲ್ಲಿ ಪರಿಚಿತವಾಯಿತು. ತಾಯಿಯ ವಾತ್ಸಲ್ಯದ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಅನಂತರ ಹಬ್ಬಿತು. ಬ್ರೂನೋ ಬೆಟಲ್‌ಹೈಮ್ 1967 ರ ತಮ್ಮ ಗ್ರಂಥದಲ್ಲಿ ಅದನ್ನು ಎತ್ತಿಹಿಡಿದರು. ಆದರೆ ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964 ರಲ್ಲಿಯೇ ಅದನ್ನು ಖಂಡಿಸಿದ್ದರು. ಅವಳಿ ಮಕ್ಕಳನ್ನು ಕುರಿತ 1977 ರ ಅಧ್ಯಯನವು ಅನುವಂಶೀಯತೆಯ ಪಾತ್ರವನ್ನು ತೋರಿಸಿತು. ಸಾಕಿದ ರೀತಿಯಿಂದ ಆಟಿಸಂ ಬರುವುದಿಲ್ಲವೆಂಬುದು ಇಂದು ನಿರ್ವಿವಾದ.

ಆದರೂ ಕಾಯಿಲೆಯ ಹೆಸರು ಹೇಳದ ಮನೆಯಲ್ಲಿ ತಪ್ಪು ತಾಯಿಯ ತಲೆಗೇ ಬರುತ್ತದೆ. 'ಕೆಲಸಕ್ಕೆ ಹೋಗುತ್ತಾಳೆ, ಮಗುವಿನೊಡನೆ ಮಾತನಾಡುವವರಿಲ್ಲ' ಎಂಬ ಟೀಕೆಯನ್ನು ಆಕೆ ಒಬ್ಬಳೇ ನುಂಗಬೇಕಾಗುತ್ತದೆ. ಆದ್ದರಿಂದ ವೈದ್ಯರು ಹೇಳಿದುದನ್ನು ಗಂಡನೇ ತನ್ನ ತಂದೆ ತಾಯಿಯರಿಗೆ ತಿಳಿಸುವುದು ಲೇಸು. 'ಇದು ಹಟವಲ್ಲ, ಗದ್ದಲ ಇವನಿಗೆ ಸಹಿಸದು. ಒಂದೊಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ' ಎಂದರೆ ಅಜ್ಜ ಅಜ್ಜಿಯರಿಗೂ ಮಾಡಲು ಒಂದು ಕೆಲಸ ದೊರೆಯುತ್ತದೆ. ಅಣ್ಣ ತಂಗಿಯರಿಗೆ ಇದು ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ ಎಂದು ತಿಳಿಸಬೇಕು. ಮಗು ಬೆಳೆದಂತೆ, ಅದರ ಗ್ರಹಿಕೆಗೆ ತಕ್ಕಂತೆ, ಅದಕ್ಕೂ ಹೇಳಬೇಕು. ತನ್ನ ವಿಷಯವನ್ನು ಪರರ ಪಿಸುಮಾತಿನಿಂದ ಅದು ಅರಿಯಬಾರದು.

ಹೊರನಾಡಿನಲ್ಲಿರುವ ನಮಗೆ ಮತ್ತೊಂದು ಪ್ರಶ್ನೆಯುಂಟು. ಬೀದಿಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷು. ಮನೆಯ ಕನ್ನಡದಿಂದ ಮಗುವಿಗೆ ಗೊಂದಲವಾದೀತೆಂದು ಹೆದರಿ ಅದನ್ನು ಕೈಬಿಡುವವರಿದ್ದಾರೆ. ಎರಡು ಭಾಷೆಗಳ ಮನೆಯಲ್ಲಿ ಬೆಳೆಯುವುದರಿಂದ ಇಂತಹ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲವೆಂದು ಸಂಶೋಧನೆಗಳು ತಿಳಿಸುತ್ತವೆ. ಕನ್ನಡವನ್ನು ಬಿಟ್ಟರೆ ಮಗುವಿಗೆ ಅಜ್ಜಿಯೊಡನೆ ಇರುವ ನಂಟೂ ಕಡಿಯುತ್ತದೆ.

ಮೌನಕ್ಕೆ ಆರ್ಥಿಕ ಬೆಲೆಯೂ ಉಂಟು. ಹದಿನೆಂಟು ತುಂಬಿದ ಮೇಲೆ ತಂದೆ ತಾಯಿಯರು ಸಹಜ ಪೋಷಕರಾಗಿ ಮಗುವಿನ ಬ್ಯಾಂಕ್ ಖಾತೆಯನ್ನು ನಡೆಸಲು ಬರುವುದಿಲ್ಲ. ಅಗತ್ಯವಿರುವವರಿಗೆ 1999 ರ ನ್ಯಾಷನಲ್ ಟ್ರಸ್ಟ್ ಕಾಯಿದೆಯನ್ವಯ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸಿ ಪ್ರಮಾಣಪತ್ರ ನೀಡುತ್ತದೆ. ಬ್ಯಾಂಕುಗಳು ಅದನ್ನು ಮಾನ್ಯ ಮಾಡುತ್ತವೆ. ತಮ್ಮ ಬಳಿಕ ಆ ಹೊಣೆಯನ್ನು ಹೊರುವವರಾರೆಂದು ತಂದೆ ತಾಯಿಯರು ಬಂಧುಗಳೊಡನೆ ಕುಳಿತು ಯೋಚಿಸಬೇಕಾದರೆ, ವಿಷಯ ಮೊದಲು ಬಂಧುಗಳಿಗೆ ಗೊತ್ತಿರಬೇಕಷ್ಟೆ.

ಹೆಸರು ಹೇಳಿದ ಮಾತ್ರಕ್ಕೆ ಕಷ್ಟ ನೀಗದು. ಆದರೆ ಒಬ್ಬಿಬ್ಬರೇ ಹೊತ್ತ ಭಾರಕ್ಕೆ ಇನ್ನಷ್ಟು ಹೆಗಲುಗಳು ದೊರೆಯುತ್ತವೆ. ಈ ವರ್ಷದ ಹಬ್ಬಕ್ಕೆ ಊರಿಗೆ ಹೋದಾಗ ಮಗುವನ್ನೂ ಕರೆದೊಯ್ಯೋಣ. ಕೇಳಿದವರಿಗೆ ಇದ್ದುದನ್ನು ಇದ್ದಂತೆ ಹೇಳೋಣ.