ಆಟೋ ಸ್ಟಾರ್ಟರ್: ರಿಪೇರಿ ಸಾಕೋ, ಹೊಸದು ಬೇಕೋ?

ಕಡೂರು, ಅಜ್ಜಂಪುರ, ತರೀಕೆರೆ ಬಯಲು ಕಡೆಯ ಬೋರ್‌ವೆಲ್‌ಗಳಲ್ಲಿ ಆಟೋ ಸ್ಟಾರ್ಟರ್ ಈಗ ಸಾಮಾನ್ಯ. ತ್ರೀ ಫೇಸ್ ಕರೆಂಟ್ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತೆ. ಬಂದ ಕೂಡಲೆ ಮೋಟರ್ ತಾನೇ ಶುರುವಾದರೆ ರಾತ್ರಿ ಬ್ಯಾಟರಿ ಹಿಡಿದು ಹಾವಿನ ದಾರೀಲಿ ಹೋಗೋದು ತಪ್ಪುತ್ತೆ. ಇದರ ಮೇಲೆ, ಸಿಮ್ ಹಾಕಿ ಮನೆಯಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಬೇರೆ ಬಂದಿದೆ. ಅಂಗಡಿಯವರು ವರ್ಷಕ್ಕೊಂದು ಹೊಸ ಪೆಟ್ಟಿಗೆ ತೋರಿಸುತ್ತಾರೆ. ಹಳೆಯದನ್ನು ಬಿಚ್ಚಬೇಕೋ ಬೇಡವೋ ಅನ್ನೋದಕ್ಕೆ ಒಂದೇ ಅಳತೆ ಸಾಕು: ಈ ಪೆಟ್ಟಿಗೆ ಬಾವಿಯೊಳಗಿನ ಮೋಟರನ್ನು ಕಾಯುತ್ತಿದೆಯಾ? ಮೋಟರ್ ಸುಟ್ಟರೆ ಎತ್ತುವ ಕೂಲಿ, ವೈಂಡಿಂಗ್ ಖರ್ಚು, ಜೊತೆಗೆ ಬೇಸಿಗೆಯಲ್ಲಿ ತೋಟ ಒಣಗುವ ನಷ್ಟ. ಪೆಟ್ಟಿಗೆ ಬೆಲೆ ಅದರ ಮುಂದೆ ಸಣ್ಣದು.

ರಿಪೇರಿ ಸಾಕಾಗುವ ಕೆಲಸ

ಪೆಟ್ಟಿಗೆಯಿಂದ ಟಕಟಕ ಸದ್ದು ಬಂದರೆ ಮೊದಲು ವೋಲ್ಟೇಜ್ ನೋಡಿ. ವೋಲ್ಟೇಜ್ ಬಿದ್ದಾಗ ಕಾಂಟ್ಯಾಕ್ಟರ್ ಹಿಡಿದು ಬಿಟ್ಟು ಮಾಡುತ್ತೆ. ವೋಲ್ಟೇಜ್ ಸರಿ ಇದ್ದೂ ಸದ್ದು ಬಂದರೆ ಕಾಯಿಲ್ ಅಥವಾ ಪಾಯಿಂಟ್ ಸವೆದಿರಬಹುದು. ಅವೆರಡೂ ಬಿಡಿಯಾಗಿ ಸಿಗುತ್ತವೆ. ಇರುವೆ ಗೂಡು, ಹಲ್ಲಿ, ಸಡಿಲ ನಟ್ಟು, ಕರಕಲಾದ ವೈರ್ ತುದಿ, ಇವಕ್ಕೆಲ್ಲ ಹೊಸ ಪೆಟ್ಟಿಗೆ ಬೇಡ. ಕೇಬಲ್ ಬರುವ ತೂತು ಮುಚ್ಚಿದರೆ ಇರುವೆ ಕಾಟ ಅರ್ಧ ಕಡಿಮೆ.

ಮೊಬೈಲ್ ಸ್ಟಾರ್ಟರ್ ಕರೆಗೆ ಓಗೊಡದಿದ್ದರೆ ಸಿಮ್ ತೆಗೆದು ಸಾದಾ ಕೀಪ್ಯಾಡ್ ಫೋನಿಗೆ ಹಾಕಿ, ಪೆಟ್ಟಿಗೆ ಪಕ್ಕದಲ್ಲೇ ನಿಂತು ಮಾತಾಡಿ ನೋಡಿ. ಅಲ್ಲೂ ಕರೆ ಹೋಗದಿದ್ದರೆ ತಪ್ಪು ರೀಚಾರ್ಜಿನದು ಅಥವಾ ಟವರಿನದು.

ಬದಲಿಸಲೇಬೇಕಾದ ಸಂದರ್ಭ

ಒಂದು, ಮೋಟರ್ ದೊಡ್ಡದಾದಾಗ. ನೀರು ಆಳಕ್ಕೆ ಹೋಯಿತು ಅಂತ 5 ಎಚ್.ಪಿ. ತೆಗೆದು 7.5 ಅಥವಾ 10 ಎಚ್.ಪಿ. ಇಳಿಸುತ್ತೇವೆ, ಪೆಟ್ಟಿಗೆ ಮಾತ್ರ ಹಳೇದೇ. ತ್ರೀ ಫೇಸ್ ಮೋಟರ್ ಎಚ್.ಪಿ.ಗೆ ಹೆಚ್ಚುಕಡಿಮೆ ಒಂದೂವರೆ ಆಂಪಿಯರ್ ಎಳೆಯುತ್ತೆ, ಸಬ್‌ಮರ್ಸಿಬಲ್ ಇನ್ನೂ ಸ್ವಲ್ಪ ಜಾಸ್ತಿ. ಚಿಕ್ಕ ಕಾಂಟ್ಯಾಕ್ಟರ್ ಅದನ್ನು ತಡೆಯಲ್ಲ, ಪಾಯಿಂಟ್ ಅಂಟಿಕೊಳ್ಳುತ್ತೆ. ಆಗ ಸ್ಟಾಪ್ ಒತ್ತಿದರೂ ಮೋಟರ್ ನಿಲ್ಲಲ್ಲ. ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ ಎರಡೂ ಹೊಸ ಮೋಟರಿಗೆ ಹೊಂದಬೇಕು.

ಎರಡು, ನೀರು ಕಡಿಮೆಯಾದಾಗ. ಕೊಳವೆ ಬಾವಿ ಮಧ್ಯೆ ಮಧ್ಯೆ ಗಾಳಿ ಉಗುಳಲು ಶುರುಮಾಡಿದರೆ ಡ್ರೈ ರನ್ ರಕ್ಷಣೆ ಬೇಕೇ ಬೇಕು. ನೀರಿಲ್ಲದೆ ತಿರುಗುವ ಮೋಟರ್ ಕಡಿಮೆ ಆಂಪಿಯರ್ ಎಳೆಯುತ್ತೆ. ಅದನ್ನು ಕಂಡು ನಿಲ್ಲಿಸೋದು ಈ ಸಾಧನದ ಕೆಲಸ. ಓವರ್‌ಲೋಡ್ ರಿಲೇ ಆಂಪಿಯರ್ ಏರಿದರೆ ಮಾತ್ರ ಬೀಳುತ್ತೆ, ಇಳಿದರೆ ಅದಕ್ಕೆ ತಿಳಿಯಲ್ಲ. ಹಳೇ ಪೆಟ್ಟಿಗೆ ಗಟ್ಟಿ ಇದ್ದರೆ ಡ್ರೈ ರನ್ ರಿಲೇ ಒಂದನ್ನೇ ಸೇರಿಸಬಹುದು. ಒಂದು ಫೇಸ್ ಹೋದಾಗ ನಿಲ್ಲಿಸುವ ಸಾಧನ ಇಲ್ಲದಿದ್ದರೂ ಹೀಗೇ ಮಾಡಿ. ಎರಡೇ ಫೇಸ್‌ನಲ್ಲಿ ಓಡುವ ಮೋಟರ್ ಕರೆಂಟ್ ಜಾಸ್ತಿ ಎಳೆದು ಬೇಗ ಸುಡುತ್ತೆ.

ಮೂರು, ಸಿಮ್ ಹಿಡಿಯದಾದಾಗ. ಮೊದಮೊದಲು ಬಂದ ಮೊಬೈಲ್ ಸ್ಟಾರ್ಟರ್‌ಗಳು 2ಜಿಯವು. 2016ರಲ್ಲಿ ಶುರುವಾದ ಜಿಯೋದಲ್ಲಿ 2ಜಿ ಇಲ್ಲ, ಅದರ ಸಿಮ್ ಹಾಕಿದರೆ ಹಳೇ ಪೆಟ್ಟಿಗೆ ಮಾತಾಡಲ್ಲ. ನಿಮ್ಮ ಹೊಲದಲ್ಲಿ ಬೇರೆ ಕಂಪನಿಯ 2ಜಿ ಸಿಗುತ್ತಿದ್ದರೆ ಸಿಮ್ ಬದಲಿಸಿದರೆ ಸಾಕು. ಯಾವುದೂ ಸಿಗದಿದ್ದರೆ ಮಾತ್ರ 4ಜಿ ಪೆಟ್ಟಿಗೆ. ಕೊಳ್ಳುವಾಗ ಬರೀ ಚಾಲೂ ಮಾಡುವಂಥದ್ದು ಬೇಡ. ಮೋಟರ್ ಓಡುತ್ತಿದೆಯೋ, ಯಾಕೆ ನಿಂತಿತು ಅಂತ ತಿರುಗಿ ತಿಳಿಸುವಂಥದ್ದು ಕೇಳಿ.

ನಾಲ್ಕು, ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಪದೇ ಪದೇ ಸುಟ್ಟಾಗ. ಆದರೆ ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಕೆಟ್ಟಿದ್ದರೆ ಹೊಸ ಬೋರ್ಡೂ ಅದೇ ದಾರಿ ಹಿಡಿಯುತ್ತೆ.

ಟಿ.ಸಿ. ಎಲ್ಲರದೂ

ಮೋಟರ್ ಶುರುವಾಗುವ ಕ್ಷಣ ಓಡುವಾಗಿನ ಆರು ಪಟ್ಟಿನಷ್ಟು ಕರೆಂಟ್ ಎಳೆಯುತ್ತೆ. ಒಂದು ಟಿ.ಸಿ. ಕೆಳಗಿನ ಹತ್ತು ಆಟೋಗಳು ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತೆ, ಫ್ಯೂಸ್ ಹೋಗುತ್ತೆ, ಟಿ.ಸಿ.ಯೂ ಸುಡಬಹುದು. ಆಮೇಲೆ ಹೊಸ ಟಿ.ಸಿ. ಬರುವ ತನಕ ಯಾರ ತೋಟಕ್ಕೂ ನೀರಿಲ್ಲ. ಹಾಗಾಗಿ ತಡವಾಗಿ ಎಬ್ಬಿಸುವ ಟೈಮರ್ ಇಲ್ಲದ ಪೆಟ್ಟಿಗೆಗೆ ಟೈಮರ್ ಹಾಕಿಸಿ. ಅಕ್ಕಪಕ್ಕದವರು ಕೂತು ಒಬ್ಬರು ಒಂದು ನಿಮಿಷ, ಇನ್ನೊಬ್ಬರು ಎರಡು, ಮತ್ತೊಬ್ಬರು ಮೂರು ಅಂತ ಹಂಚಿಕೊಳ್ಳಿ.

ಆಟೋದಲ್ಲಿರುವ ಪೆಟ್ಟಿಗೆಗೆ, ಮೋಟರಿಗೆ, ಕೇಬಲ್ಲಿಗೆ ಯಾವತ್ತೂ ಕೈ ಹಾಕಬೇಡಿ. ಕರೆಂಟ್ ಇಲ್ಲ ಅಂತ ನಂಬಿದ್ದಾಗಲೇ ಅದು ಬರುತ್ತೆ. ಮೈನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಬಾಗಿಲು ತೆಗೀರಿ. ಮನೆಯವರ ಕೈಲಿರೋ ಮೊಬೈಲಿಗೂ ವಿಷಯ ತಿಳಿಸಿರಿ. ಒಳಗಿನ ವೈರಿಂಗ್ ಕೆಲಸ ಮಾತ್ರ ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಆಗಲಿ.

ಮೋಟರ್ ಇಳಿಸಿದ ದಿನವೇ ಎಚ್.ಪಿ., ಆಳ, ನೀರು ತುಂಬಾ ಬರುವಾಗಿನ ಆಂಪಿಯರ್, ತಾರೀಖು ಇಷ್ಟನ್ನು ಪೆಟ್ಟಿಗೆ ಬಾಗಿಲ ಒಳಗೆ ಬರೆದಿಡಿ. ತಿಂಗಳಿಗೊಮ್ಮೆ ಆಂಪಿಯರ್ ಮೀಟರ್ ನೋಡಿ ಹೋಲಿಸಿ. ಮುಳ್ಳು ಆ ಅಂಕಿಗಿಂತ ಏರುತ್ತಿದ್ದರೆ ಮೋಟರ್ ಕಷ್ಟಪಡುತ್ತಿದೆ, ಇಳಿಯುತ್ತಿದ್ದರೆ ಬಾವಿ ಬತ್ತುತ್ತಿದೆ. ಹೊಸ ಪೆಟ್ಟಿಗೆ ಬೇಕೋ ಬೇಡವೋ ಅಂತ ಅಂಗಡಿಯವರನ್ನು ಕೇಳೋ ಮೊದಲು ಆ ಮುಳ್ಳನ್ನು ಕೇಳಿ.