ಹಿಡಿ ಕಾಳು, ಒಂದು ನಾಣ್ಯ

ದಾನವೆಂದೊಡನೆ ನಮಗೆ ನೆನಪಾಗುವುದು ಗುಡಿಯ ಹುಂಡಿ, ಇಲ್ಲವೇ ಜಂಗಮರ ಜೋಳಿಗೆ. ಯಹೂದ್ಯರ ಮನೆಗಳಲ್ಲಿ ಆ ಸ್ಥಾನ ಒಂದು ಪುಟ್ಟ ಡಬ್ಬಿಯದು. ಅದರ ಮುಚ್ಚಳದಲ್ಲಿ ನಾಣ್ಯ ಇಳಿಯುವಷ್ಟೇ ಸೀಳು ಇರುತ್ತದೆ. ಪೂರ್ವ ಯುರೋಪಿನ ಯಹೂದ್ಯರು ಇದನ್ನು ‘ಪುಷ್ಕೆ’ ಎಂದು ಕರೆದರು. ಸಬ್ಬತ್ತಿನ ದಿನ ಹಣ ಮುಟ್ಟುವಂತಿಲ್ಲ. ಆದುದರಿಂದ ಶುಕ್ರವಾರ ಸಂಜೆ ದೀಪ ಹಚ್ಚುವ ಮುನ್ನವೇ ಮನೆಯೊಡತಿ ಅದರೊಳಗೆ ನಾಣ್ಯ ಹಾಕುವಳು, ಮಕ್ಕಳ ಕೈಯಿಂದಲೂ ಹಾಕಿಸುವಳು. ಡಬ್ಬಿ ತುಂಬಿದಾಗ ಆ ಹಣ ಬಡವರಿಗೆ, ಪಾಠಶಾಲೆಗೆ ಸಲ್ಲುವುದು.

ಈ ಪದ್ಧತಿಯ ಮೂಲ ಬಹು ಪ್ರಾಚೀನ. ಅರಸನಾದ ಯೆಹೋವಾಷನ ಕಾಲದಲ್ಲಿ ಯೆಹೋಯಾದನೆಂಬ ಯಾಜಕನು ಪೆಟ್ಟಿಗೆಯ ಮುಚ್ಚಳಕ್ಕೆ ರಂಧ್ರ ಕೊರೆಯಿಸಿ ದೇವಾಲಯದಲ್ಲಿ ಇರಿಸಿದನೆಂದು ಬೈಬಲಿನ ಹಳೆಯ ಒಡಂಬಡಿಕೆ ತಿಳಿಸುತ್ತದೆ. ಸಂಗ್ರಹವಾದ ಹಣದಿಂದ ದೇವಾಲಯ ದುರಸ್ತಿಯಾಯಿತು. ದಾನದ ಹಣವನ್ನು ಇಬ್ಬರಿಗಿಂತ ಕಡಿಮೆ ಜನ ವಸೂಲು ಮಾಡಬಾರದು, ಮೂವರಿಗಿಂತ ಕಡಿಮೆ ಜನ ಹಂಚಬಾರದು ಎಂಬುದು ಅವರ ಧರ್ಮಶಾಸ್ತ್ರದ ಕಟ್ಟಳೆ.

ದಾನಕ್ಕೆ ಹೀಬ್ರೂ ಭಾಷೆಯಲ್ಲಿ ‘ತ್ಸೆದಾಕಾ’ ಎನ್ನುತ್ತಾರೆ. ಅದರ ಮೂಲಾರ್ಥ ದಯೆಯಲ್ಲ, ನ್ಯಾಯ. 12ನೆಯ ಶತಮಾನದ ಪಂಡಿತ ಮೈಮೊನಿಡೀಸನು ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಹೇಳಿದನು. ಬೇಡದೆ ಬದುಕುವಂತೆ ಒಬ್ಬನನ್ನು ನಿಲ್ಲಿಸುವುದು ಅತ್ಯುನ್ನತ. ಕೊಟ್ಟವರಾರು, ಪಡೆದವರಾರು ಎಂಬುದು ಪರಸ್ಪರ ತಿಳಿಯದಿರುವುದು ಅದರ ನಂತರದ್ದು.

ಈ ಜನರು ನಮಗೆ ತೀರ ದೂರದವರಲ್ಲ. ಕೊಂಕಣದಲ್ಲಿ ನೆಲೆಸಿದ ಬೆನೆ ಇಸ್ರೇಲ್ ಯಹೂದ್ಯರು ಗಾಣದ ಕಸುಬಿನವರಾಗಿದ್ದರು. ಶನಿವಾರ ಗಾಣ ಹೂಡದ ಕಾರಣ ಅವರಿಗೆ ‘ಶನಿವಾರ ತೇಲಿ’ ಎಂಬ ಹೆಸರೇ ಬಂದಿತು.

ಅವರ ‘ನ್ಯಾಯ’ದ ಭಾವನೆ ನಮ್ಮಲ್ಲಿಯೂ ಇತ್ತೆಂದು ನಾನು ತಿಳಿದಿದ್ದೇನೆ. ಸುಗ್ಗಿಯ ಕಣದಲ್ಲಿ ಬಡಿಗ, ಕಂಬಾರ, ಕುಂಬಾರರಿಗೆ ಅಳೆದುಕೊಡುತ್ತಿದ್ದ ‘ಆಯ’ ಭಿಕ್ಷೆಯಾಗಿರಲಿಲ್ಲ. ಅದು ಅವರ ಹಕ್ಕಿನ ಪಾಲು. ಇಂತಹ ಭಾವನೆಯನ್ನು ವಿದ್ಯೆಗೆ ತಿರುಗಿಸಿದವರು ನೆರೆಯ ಸಾತಾರೆಯ ಕರ್ಮವೀರ ಭಾವುರಾವ ಪಾಟೀಲರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಅವರು ‘ಮುಷ್ಟಿ ಫಂಡ’ನ್ನು ನಡೆಸಿದರು. ಗೃಹಿಣಿಯರು ಒಂದೊಂದು ಹಿಡಿ ಕಾಳನ್ನು ತೆಗೆದಿರಿಸಿದರು. ಅವರ ವಸತಿಗೃಹಗಳಲ್ಲಿ ಎಲ್ಲ ಜಾತಿಯ ಬಡ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು ಓದಿದರು. ಪತ್ನಿ ಲಕ್ಷ್ಮೀಬಾಯಿಯವರು ಆ ಮಕ್ಕಳಿಗಾಗಿ ತಮ್ಮ ಒಡವೆಗಳನ್ನೇ ಕೊಟ್ಟರು.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ದೊಡ್ಡ ದಾನಿಗಳನ್ನು ಗೌರವಿಸುವುದು ಯೋಗ್ಯವೇ ಸರಿ. ಆದರೆ ಹಿಡಿ ಕೊಟ್ಟವರ ಹೆಸರನ್ನು ಯಾವ ಫಲಕವೂ ಹೊರುವುದಿಲ್ಲ. ಮಹಾರಾಷ್ಟ್ರದೊಳಗಿನ ಕುಣಿಕೋಣೂರದಂತಹ ಊರಿನಲ್ಲಿ ಕನ್ನಡ ಶಾಲೆ ಉಳಿಯುವುದು ಒಬ್ಬ ಶ್ರೀಮಂತನ ಔದಾರ್ಯದಿಂದಲ್ಲ, ಅದನ್ನು ತಮ್ಮದೆಂದು ತಿಳಿದ ನೂರು ಮನೆಗಳಿಂದ. ಪ್ರತಿಯೊಂದು ಮನೆಯಲ್ಲಿ ಶಾಲೆಯ ಹೆಸರಿನ ಒಂದು ಡಬ್ಬಿ ಇರಲಿ. ಮಕ್ಕಳೇ ಅದರಲ್ಲಿ ನಾಣ್ಯ ಹಾಕಲಿ. ವರ್ಷಕ್ಕೊಮ್ಮೆ ಮೂವರು ಹಿರಿಯರು ಊರೆದುರು ಎಣಿಸಿ ಕನ್ನಡ ಪುಸ್ತಕಗಳನ್ನು ಕೊಳ್ಳಲಿ. ಮಗುವಿಗೆ ತಾಯ್ನುಡಿಯಲ್ಲಿ ಅಕ್ಷರ ಕಲಿಸುವುದು ನಾವು ತೋರುವ ದಯೆಯಲ್ಲ. ಅದು ಆ ಮಗುವಿಗೆ ಸಲ್ಲಬೇಕಾದ ಆಯ. ಬಂಧುಗಳು ಇದನ್ನು ಮನಗಾಣಲೆಂದು ಹಾರೈಸುತ್ತೇನೆ.