ಮನೆ ತೆರಿಗೆ ರಶೀದಿಯಲ್ಲಿ ಗ್ರಂಥಾಲಯದ ಪಾಲೂ ಉಂಟು

ಪಂಚಾಯತಿನಲ್ಲಿ ಮನೆ ತೆರಿಗೆ ಕಟ್ಟಿದ ಮೇಲೆ ನಾವು ರಶೀದಿಯಲ್ಲಿ ನೋಡುವುದು ಒಟ್ಟು ಮೊತ್ತ ಮಾತ್ರ. ಮಡಚಿ ಕಪಾಟಿನಲ್ಲಿಟ್ಟರೆ ಮತ್ತೆ ಅದು ಹೊರಗೆ ಬರುವುದು ಬ್ಯಾಂಕ್ ಸಾಲಕ್ಕೋ, ಕರೆಂಟಿನ ಅರ್ಜಿಗೋ ಬೇಕಾದಾಗ. ಈ ಸಲ ಸ್ವಲ್ಪ ನಿಧಾನವಾಗಿ ಓದಿ ನೋಡಿ. ತೆರಿಗೆಯ ಜೊತೆಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ನಾಲ್ಕು ಸೇರಿರುತ್ತವೆ. ತೆರಿಗೆ 1,000 ರೂಪಾಯಿ ಆದರೆ ಆರೋಗ್ಯಕ್ಕೆ 150, ಶಿಕ್ಷಣಕ್ಕೆ 100, ಗ್ರಂಥಾಲಯಕ್ಕೆ 60, ಭಿಕ್ಷುಕರ ಪುನರ್ವಸತಿಗೆ 30. ಹಾಗೆ ನಾವು ಕೊಡುವುದು 1,340. ಪಳ್ಳಿಯ ಕಟ್ಟಡಕ್ಕೆ ತೆರಿಗೆ ಇಲ್ಲ, ಸರಿ. ಆದರೆ ಜಮಾಅತಿನ ಬಾಡಿಗೆ ಅಂಗಡಿಗಳಿಗೆ ಉಂಟು, ಅದರಲ್ಲೂ ಗ್ರಂಥಾಲಯದ ಪಾಲು ಸೇರಿದೆ.

ಈ ಕರ ನಮ್ಮ ಜಿಲ್ಲೆಗೆ ಹೊಸತಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ದಕ್ಷಿಣ ಕನ್ನಡ ಅದಕ್ಕೂ ಮೊದಲು, 1956ರವರೆಗೆ, ಮದ್ರಾಸಿಗೆ ಸೇರಿತ್ತು. ಮದ್ರಾಸಿನಲ್ಲಿ 1948ರಲ್ಲೇ ಇಂಥ ಕಾಯ್ದೆ ಆಗಿತ್ತು. ಮನೆ ತೆರಿಗೆಯ ಮೇಲೆ ಗ್ರಂಥಾಲಯಕ್ಕೆಂದು ಸ್ವಲ್ಪ ಹಣ ಸೇರಿಸಿ ವಸೂಲು ಮಾಡುವ ಕ್ರಮ ಅದರಲ್ಲೇ ಇತ್ತು. ಅದರ ಹಿಂದೆ ದುಡಿದವರು ಎಸ್.ಆರ್. ರಂಗನಾಥನ್. ಗ್ರಂಥಾಲಯದ ಕೆಲಸಕ್ಕೆ ಬರುವ ಮೊದಲು, 1917ರಲ್ಲಿ, ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು ಎಂಬುದು ನಮ್ಮ ಮಕ್ಕಳಿಗೆ ಹೇಳಬೇಕಾದ ಸಂಗತಿ.

ಈಗ ಮುಖ್ಯ ಪ್ರಶ್ನೆ, ಆ 60 ರೂಪಾಯಿ ಎಲ್ಲಿಗೆ ಹೋಗುತ್ತದೆ? ಪೇಟೆಯಲ್ಲಿ ಪಾಲಿಕೆ ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ಪಾಲಿಕೆಗೆ ಇದು ತನ್ನ ಆದಾಯವಲ್ಲ, ಬೇರೆಯವರ ಅಮಾನತು ಇದ್ದ ಹಾಗೆ. ಆದರೂ ಬೆಂಗಳೂರಿನಲ್ಲಿ ಹೀಗೆ ಕಟ್ಟದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿಗೆ ಏರಿ ಮತ್ತೆ ಮತ್ತೆ ಸುದ್ದಿಯಾಗಿದೆ. ಜನ ಕೊಟ್ಟಾಗಿದೆ, ರಶೀದಿಯೂ ಕೈಯಲ್ಲಿದೆ, ಆದರೆ ಪುಸ್ತಕ ಮಾತ್ರ ಬರಲಿಲ್ಲ. ಅಮಾನತು ಹಣವನ್ನು ಬೇರೆ ಖರ್ಚಿಗೆ ತಿರುಗಿಸುವುದಕ್ಕೆ ಎಂತ ಹೆಸರು ಎಂದು ನಾವು ಹೇಳಬೇಕಾಗಿಲ್ಲ.

ಹಳ್ಳಿಯ ಲೆಕ್ಕ ಬೇರೆ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂದು ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಇದರಿಂದ ಒಂದು ದೊಡ್ಡ ಅನುಕೂಲ ಆಗಿದೆ. ಕರ ವಸೂಲು ಮಾಡುವವರೂ ಗ್ರಂಥಾಲಯ ನೋಡಿಕೊಳ್ಳುವವರೂ ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಜಿಲ್ಲಾ ಕಚೇರಿಗೆ ಅಲೆಯಬೇಕಿಲ್ಲ. ಪಂಚಾಯತಿನಲ್ಲಿ 2,000 ಮನೆಗಳಿದ್ದು, ತಲಾ 60 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 1,20,000 ರೂಪಾಯಿ. ಪೇಪರ್, ಕುರ್ಚಿ, ಫ್ಯಾನು, ಸ್ಪರ್ಧಾತ್ಮಕ ಪರೀಕ್ಷೆಯ ನಾಲ್ಕು ಪುಸ್ತಕ, ಇಷ್ಟಕ್ಕೆ ಇದು ಸಣ್ಣ ಮೊತ್ತವಲ್ಲ ಮಾರಾಯ್ರೆ.

ನಮಗೆ ಇದು ಯಾಕೆ ಮುಖ್ಯ? ಪಿಯುಸಿ ಮುಗಿಸಿ ಸಿಇಟಿಗೋ ಸರಕಾರಿ ಪರೀಕ್ಷೆಗೋ ಓದುವ ಹೆಣ್ಮಕ್ಕಳು ನಮ್ಮ ಮನೆಗಳಲ್ಲಿ ಈಗ ತುಂಬ ಇದ್ದಾರೆ. ಪೇಟೆಯ ಕೋಚಿಂಗಿಗೆ ಕಳುಹಿಸಲು ಎಲ್ಲರಿಗೂ ಆಗುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಆರು ಜನ ಇದ್ದರೆ ಓದಲು ಮೂಲೆ ಎಲ್ಲಿಂದ ಬರಬೇಕು? ನಡೆದು ಹೋಗುವ ದೂರದಲ್ಲಿ, ಶೌಚಾಲಯ ಇರುವ, ಸಂಜೆಯೂ ತೆರೆದಿರುವ ಒಂದು ಕೋಣೆ ಅವರಿಗೆ ಬೇಕು. ಅದಕ್ಕೆ ನಾವು ಪ್ರತಿವರ್ಷ ಹಣ ಕೊಡುತ್ತಲೇ ಇದ್ದೇವೆ.

ಕಾಸರಗೋಡು, ಮಂಜೇಶ್ವರದ ಕಡೆ ಸಂಬಂಧ ಇರುವವರಿಗೆ ಅಲ್ಲಿನ ಕ್ರಮ ಗೊತ್ತುಂಟು. ಕೇರಳದಲ್ಲಿ ಕರ ನಮಗಿಂತ ಕಡಿಮೆ, ನೂರಕ್ಕೆ 5. ಆದರೆ ಊರವರೇ ಸಮಿತಿ ಮಾಡಿ ಗ್ರಂಥಾಲಯ ನಡೆಸುತ್ತಾರೆ, ಅದರ ದರ್ಜೆ ನೋಡಿ ಗ್ರಂಥಾಲಯ ಕೌನ್ಸಿಲ್ ಅನುದಾನ ಕೊಡುತ್ತದೆ. ಅಲ್ಲಿ ಗ್ರಂಥಾಲಯ ಬಾಗಿಲು ಹಾಕಿದರೆ ಊರಿಗೇ ಗೊತ್ತಾಗುತ್ತದೆ. ನಮ್ಮಲ್ಲಿ ಅರಿವು ಕೇಂದ್ರ ಯಾವ ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರ ಇಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆ ನಡೆಯಬೇಕು, ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕ ಜನರ ಮುಂದೆ ಬರುತ್ತದೆ. ರಸ್ತೆ, ಚರಂಡಿ, ಬೀದಿದೀಪಕ್ಕೆ ನಾವು ಅಲ್ಲಿ ಚೆನ್ನಾಗಿಯೇ ಮಾತಾಡುತ್ತೇವೆ. ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಗ್ರಂಥಾಲಯಕ್ಕೆ ಎಷ್ಟು ಹೋಯಿತು ಎಂದೂ ಎದ್ದು ಕೇಳಿ. ಪಿಡಿಒ ಅವರಲ್ಲಿ ಸೌಮ್ಯವಾಗಿ ಕೇಳಿದರೆ ಸಾಕು, ಜಗಳ ಬೇಡ. ಉತ್ತರ ನಡಾವಳಿಯಲ್ಲಿ ಬರೆಸಿಕೊಳ್ಳಿ. ಬ್ಯಾರಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿದ ಪುಸ್ತಕಗಳನ್ನು ತರಿಸಲು ಒಂದು ಅರ್ಜಿಯನ್ನೂ ಕೊಡಿ. ಹೋಗುವಾಗ ಹಳೆಯ ರಶೀದಿ ಕಿಸೆಯಲ್ಲಿರಲಿ.